ಡಿಸೆಂಬರ್‌ನಲ್ಲಿ ಮುಂಗಾರು

"ಚಳಿಗಾಲದಲ್ಲಿ ತೋಟಕ್ಕೆ ಏನು ಕೆಲಸ ಗುರು? ಎಲ್ಲಾ ಗಿಡ ಒಂದು ಸಲ ಕತ್ತರಿಸಿ, ಹಾರೆ ಗುದ್ದಲಿ ಗರಾಜಿಗೆ ಹಾಕಿ, ಏಪ್ರಿಲ್‌ವರೆಗೆ ಬಾಗಿಲು ಮುಚ್ಚೋದು. ಅಷ್ಟೇ ಅಲ್ವಾ?"

ಇದು ಮಂಡ್ಯದ ಮಾತು. ನಮ್ಮ ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರಿನ ಹೆಸರೇ ಹೆಸರು. ಮಂಡ್ಯ ಷಿಕಾಗೋದಲ್ಲಿ ವರ್ಷಗಟ್ಟಲೆ ಹಿಮ ಗೋರಿದವನು. ಕಳೆದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ಹಳೇ ಮನೆಯೊಂದನ್ನು ಕೊಂಡ. ಮನೆಯ ಜೊತೆಗೆ ಹಿತ್ತಲಲ್ಲಿ ಒಂದು ಪೀಚ್, ಒಂದು ಆಪ್ರಿಕಾಟ್, ಒಂದು ನಿಂಬೆ, ಬೇಲಿಯುದ್ದಕ್ಕೂ ಗುಲಾಬಿ ಪುಕ್ಕಟೆ ಸಿಕ್ಕವು. ಈಗ ಜನವರಿ. ಅವನ ಕೈಯಲ್ಲಿ ಹೊಸ ಗರಗಸ. ಅದರ ಬೆಲೆಯ ಚೀಟಿಯನ್ನೂ ಇನ್ನೂ ಕಿತ್ತಿಲ್ಲ. ನಾವೆಲ್ಲ ಕಾಫಿ ಹಿಡಿದು ಅವನ ಹಿತ್ತಲಲ್ಲಿ ಕೂತಿದ್ದೆವು.

"ಬಾಗಿಲು ಮುಚ್ಚೋದು ಷಿಕಾಗೋದಲ್ಲಿ ಮಾರಾಯ" ಎಂದ ಶಿರಸಿ. "ಇಲ್ಲಿ ಈಗ ಬಾಗಿಲು ತೆಗೆದಿದ್ದು. ಇದು ಇಲ್ಲಿನ ಮಳೆಗಾಲ. ನಮ್ಮ ಕಡೆ ಜೂನ್ ಜುಲೈ ಅಂದರೆ ಏನೋ, ಇಲ್ಲಿ ಡಿಸೆಂಬರ್ ಜನವರಿ ಅದು."

ಅವನು ಹೇಳಿದ್ದು ಸರಿ. ಇಲ್ಲಿ ಮಳೆ ಬರುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್ ತನಕ ಮಾತ್ರ. ಜುಲೈನಲ್ಲಿ ನಾಲ್ಕು ಹನಿ ಬಿದ್ದರೆ ಅದೇ ಸುದ್ದಿ. ಗುಡ್ಡಗಳು ಜನವರಿಯಲ್ಲಿ ಹಸಿರು, ಜುಲೈನಲ್ಲಿ ಒಣಹುಲ್ಲು. ಬಕೈ ಎಂಬ ಇಲ್ಲಿಯದೇ ಮರವೊಂದು ಆಗಸ್ಟ್‌ನಲ್ಲೇ ಎಲೆ ಉದುರಿಸಿ ಮಲಗಿಬಿಡುತ್ತದೆ. ಅದಕ್ಕೆ ಕಷ್ಟದ ಕಾಲ ಎಂದರೆ ಚಳಿಯಲ್ಲ, ಬೇಸಿಗೆ. ಭೂಮಿಯ ಮೇಲೆ ಇಂಥ ಹವೆ ಇರುವ ಜಾಗ ಜಾಸ್ತಿ ಇಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತ, ಇಲ್ಲಿ, ಚಿಲಿ ದೇಶದ ನಡುಭಾಗದಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ, ಆಸ್ಟ್ರೇಲಿಯಾದ ಪರ್ತ್ ಮತ್ತು ಅಡಿಲೇಡ್ ಕಡೆ. ಅಷ್ಟೇ.

"ವರ್ಷಕ್ಕೆ ಎಷ್ಟು ಮಳೆ?" ಕೇಳಿದ ಮಂಡ್ಯ.

"ಸುಮಾರು 15 ಇಂಚು" ಎಂದೆ.

ಶಿರಸಿ ನಕ್ಕ. "ನಮ್ಮೂರಲ್ಲಿ ಅದು ಒಂದು ವಾರದ್ದು." ಮಳೆಯ ವಿಷಯ ಬಂದರೆ ಶಿರಸಿಯವರ ಎದುರು ಯಾರೂ ಬಾಯಿ ಬಿಡಬಾರದು. ಬಿಟ್ಟರೆ ಅಡಿಕೆ ತೋಟ, ಗೊನೆಗೆ ಕಟ್ಟುವ ಕೊಟ್ಟೆ, ಕೊಳೆರೋಗ ಎಲ್ಲಾ ಬರುತ್ತದೆ. ಬಂದೂ ಬಂತು.

ಅದಕ್ಕೆ ಮೊದಲು ಇನ್ನೊಂದು ಸದ್ದಾಯಿತು. ಹುಲ್ಲಿನ ನಡುವಿನಿಂದ ಸ್ಪ್ರಿಂಕ್ಲರ್ ತಲೆ ಎತ್ತಿ ಚರ್ರನೆ ನೀರು ಚೆಲ್ಲಿತು. ಹಿಂದಿನ ರಾತ್ರಿ ಸುರಿದ ಮಳೆಯ ನೀರು ಇನ್ನೂ ಮಡುಗಟ್ಟಿ ನಿಂತಿತ್ತು. ಮನೆ ಮಾರಿದವರು ಬೇಸಿಗೆಗೆ ಇಟ್ಟಿದ್ದ ಟೈಮರನ್ನು ಮಂಡ್ಯ ಮುಟ್ಟಿರಲಿಲ್ಲ.

"ನನ್ನ ಹಾಗೆ ಸ್ಮಾರ್ಟ್ ಕಂಟ್ರೋಲರ್ ಹಾಕಿಸು" ಎಂದ ಶಿಡ್ಲಘಟ್ಟ. ಅವನಿಗೆ ಫೋನಿನಲ್ಲಿ ತೋರಿಸದಿದ್ದರೆ ಯಾವುದೂ ನಡೆದ ಹಾಗಲ್ಲ. "ಅದು ಇಂಟರ್‌ನೆಟ್‌ನಲ್ಲಿ ಹವಾಮಾನ ನೋಡಿ, ಮಳೆ ಬಂದರೆ ತಾನೇ ನೀರು ನಿಲ್ಲಿಸುತ್ತದೆ."

"ಯಾಕಪ್ಪ, ಕಿಟಕಿ ತೆಗೆದು ನೋಡಿದರೆ ಮಳೆ ಗೊತ್ತಾಗಲ್ವಾ?" ಎಂದರು ಅವನ ಅಮ್ಮ. ಆರು ತಿಂಗಳಿಗೆಂದು ಊರಿನಿಂದ ಬಂದವರು. ಎದ್ದು ಹೋಗಿ ಗೋಡೆಯ ಪೆಟ್ಟಿಗೆಯ ತಿರುಗಣೆಯನ್ನು ಆಫ್ ಎಂಬಲ್ಲಿಗೆ ತಿರುಗಿಸಿ ಬಂದರು. ಚಳಿಗಾಲದ ಮೊದಲ ಕೆಲಸ ಮುಗಿಯಿತು.

ಮಂಡ್ಯ ಗರಗಸ ಹಿಡಿದು ನಿಂಬೆಯ ಕಡೆ ಹೊರಟ. "ಇದರಿಂದಲೇ ಶುರು ಮಾಡ್ತೀನಿ."

"ಮುಟ್ಟಬೇಡ!" ಮೂರು ಕಡೆಯಿಂದ ಒಟ್ಟಿಗೆ ಕೂಗು ಬಂತು.

ನಿಂಬೆಗೆ ಚಳಿ ಒಗ್ಗುವುದಿಲ್ಲ. ಈಗ ಕತ್ತರಿಸಿದರೆ ಎಳೆ ಚಿಗುರು ಬರುತ್ತದೆ, ಹೆಪ್ಪುಗಟ್ಟುವ ಮಂಜು ಬಿದ್ದ ರಾತ್ರಿ ಅದೇ ಮೊದಲು ಸುಟ್ಟು ಹೋಗುವುದು. ಮೈನಸ್ 2 ಡಿಗ್ರಿ ಹತ್ತಿರ ಹೋದರೆ ಗಿಡಕ್ಕೇ ಕಷ್ಟ. ಸುಟ್ಟ ಮೇಲೂ ಒಣ ಎಲೆ, ಒಣ ರೆಂಬೆ ಕೀಳಬಾರದು. ಅವು ಒಳಗಿನ ಕೊಂಬೆಗೆ ಹೊದಿಕೆ. ಎಷ್ಟು ಸತ್ತಿದೆ, ಎಷ್ಟು ಉಳಿದಿದೆ ಅಂತ ವಸಂತದಲ್ಲಿ ಚಿಗುರು ಬಂದ ಮೇಲಷ್ಟೇ ಗೊತ್ತಾಗುವುದು.

"ನಾನು ನಿಂಬೆ ಗಿಡಕ್ಕೆ ದೀಪದ ಸರ ಸುತ್ತಿದ್ದೀನಿ" ಎಂದ ಶಿಡ್ಲಘಟ್ಟ ಹೆಮ್ಮೆಯಿಂದ. "ಆರುನೂರು ಬಲ್ಬು. ಫೋನಿನಿಂದಲೇ ಬಣ್ಣ ಬದಲಾಯಿಸಬಹುದು."

"ಎಲ್‌ಇಡಿಯಾ?"

"ಹೂಂ, ಎಲ್‌ಇಡಿ."

"ಹಾಗಾದರೆ ನಿನ್ನ ನಿಂಬೆ ಬಣ್ಣಬಣ್ಣವಾಗಿ ಹೆಪ್ಪುಗಟ್ಟುತ್ತದೆ" ಎಂದ ಶಿರಸಿ. ಕ್ರಿಸ್‌ಮಸ್ ದೀಪ ಸುತ್ತುವುದು ಇಲ್ಲಿನ ಹಳಬರ ಉಪಾಯವೇ. ಆದರೆ ಅದು ಮುಟ್ಟಿದರೆ ಕೈ ಬಿಸಿಯಾಗುತ್ತಿದ್ದ ಹಳೇ ಕಾಲದ ದಪ್ಪ ಬಲ್ಬಿನದು. ಎಲ್‌ಇಡಿಯಲ್ಲಿ ಬೆಳಕುಂಟು, ಶಾಖ ಇಲ್ಲ. ಎಲ್ಲಕ್ಕಿಂತ ಸುಲಭ ಎಂದರೆ ಬಟ್ಟೆ. ನಾಲ್ಕು ಕೋಲು ನೆಟ್ಟು, ಎಲೆಗೆ ತಾಗದ ಹಾಗೆ ನೆಲದವರೆಗೂ ಬಟ್ಟೆ ಇಳಿಬಿಟ್ಟರೆ ಮಣ್ಣಿನ ಬಿಸಿ ಒಳಗೇ ನಿಲ್ಲುತ್ತದೆ. ಮಣ್ಣು ಒದ್ದೆ ಇದ್ದರೆ ಇನ್ನೂ ಒಳ್ಳೆಯದು, ಒಣ ಮಣ್ಣಿಗಿಂತ ಜಾಸ್ತಿ ಬಿಸಿ ಹಿಡಿಯುತ್ತದೆ. ಬೆಳಗ್ಗೆ ಬಿಸಿಲು ಬಂದ ಮೇಲೆ ತೆಗೆಯಬೇಕು. ಮೋಡ ಕವಿದ ರಾತ್ರಿ ಭಯ ಇಲ್ಲ. ಗಾಳಿಯಿಲ್ಲದೆ, ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿಯೇ ಮಂಜಿನ ರಾತ್ರಿ.

"ನನ್ನ ಹಳೇ ಸೀರೆ ಎರಡಿದೆ, ತಗೊಳ್ಳಿ" ಎಂದರು ಅಮ್ಮ. "ಆದರೆ ಕರಿಬೇವಿಗೆ ಮೊದಲು."

ಕರಿಬೇವು ಎಂದ ತಕ್ಷಣ ಎಲ್ಲರ ಮುಖ ಗಂಭೀರವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಈ ಬೇ ಏರಿಯಾದ ಕನ್ನಡಿಗರು ಮಕ್ಕಳ ಕಾಲೇಜಿನ ಬಗ್ಗೆ ಕೂಡ ಇಷ್ಟು ದನಿ ತಗ್ಗಿಸಿ ಮಾತಾಡುವುದಿಲ್ಲ. ಮಂಡ್ಯದ ಕುಂಡದಲ್ಲಿದ್ದ ಕರಿಬೇವು ಹಳದಿಯಾಗಿ, ಅರ್ಧ ಎಲೆ ಉದುರಿಸಿಕೊಂಡು ನಿಂತಿತ್ತು. ಅವನು ಪಾಪ, ಬಾಯಾರಿರಬೇಕು ಅಂತ ದಿನಾ ನೀರು ಹಾಕುತ್ತಿದ್ದ. ಅಮ್ಮ ಉಗುರಿನಿಂದ ಕಾಂಡದ ತೊಗಟೆ ಸ್ವಲ್ಪ ಕೆರೆದರು. ಒಳಗೆ ಹಸಿರು ಕಂಡಿತು.

"ಜೀವ ಇದೆ. ನಿದ್ದೆ ಮಾಡ್ತಿದೆ ಅಷ್ಟೇ. ನಿದ್ದೆ ಮಾಡುವವರ ಬಾಯಿಗೆ ಯಾರಾದರೂ ನೀರು ಹುಯ್ತಾರಾ?"

ಕುಂಡವನ್ನು ಅಡುಗೆಮನೆಯ ದಕ್ಷಿಣದ ಕಿಟಕಿ ಪಕ್ಕಕ್ಕೆ ಸಾಗಿಸಿದೆವು. ಮಣ್ಣು ಒಣಗಿದ ಮೇಲಷ್ಟೇ ನೀರು ಎಂದು ತೀರ್ಮಾನವಾಯಿತು.

"ಊರಿನಿಂದ ನಾಲ್ಕು ಸಸಿ ತರೋಣ ಅಂದರೆ ಇವನು ಬಿಡಲಿಲ್ಲ" ಎಂದು ಅಮ್ಮ ಮಗನ ಮೇಲೆ ದೂರು ಹೇಳಿದರು. ಮಗ ಮಾಡಿದ್ದು ಸರಿಯೇ. ಕರಿಬೇವು ನಿಂಬೆ, ಕಿತ್ತಳೆಗಳ ಕುಲದ್ದು. ಅದರ ಚಿಗುರಿನ ಮೇಲೆ ಕೂರುವ ಎಳ್ಳು ಗಾತ್ರದ ಜಿಗಿಹುಳ ಒಂದಿದೆ, ಸಿಲಿಡ್ ಅಂತ. ಅದು ಕಿತ್ತಳೆ ಮರಗಳಿಗೆ ಔಷಧವೇ ಇಲ್ಲದ ರೋಗವೊಂದನ್ನು ಅಂಟಿಸುತ್ತದೆ. ಹುಳ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಂಡಿದ್ದು 2008ರಲ್ಲಿ, ರೋಗ 2012ರಲ್ಲಿ, ಲಾಸ್ ಏಂಜಲೀಸ್ ಕಡೆಯ ಹಿತ್ತಲೊಂದರ ಮರದಲ್ಲಿ. ಹಾಗಾಗಿ ಕರಿಬೇವನ್ನು ಊರಿನಿಂದ ತರುವುದು ಹಾಗಿರಲಿ, ದಿಗ್ಬಂಧನ ಇರುವ ಕಡೆಯಿಂದ ನೆಂಟರ ಮನೆಗೆ ಗಿಡ ಒಯ್ಯುವ ಹಾಗೂ ಇಲ್ಲ. ಬಂಗಾರ ತರುವುದಕ್ಕೆ ಅಷ್ಟೊಂದು ಕಟ್ಟುಪಾಡು ಇದೆಯೋ ಇಲ್ಲವೋ.

ಅಷ್ಟರಲ್ಲಿ ಮಂಡ್ಯ ಎಲೆಯಿಲ್ಲದ ಎರಡು ಮರಗಳ ಎದುರು ನಿಂತಿದ್ದ. "ಇವನ್ನಾದರೂ ಕತ್ತರಿಸಲಾ?"

"ಒಂದನ್ನು ಕತ್ತರಿಸು, ಒಂದನ್ನು ಬಿಡು" ಎಂದೆ. "ಪೀಚ್ ಈಗ. ಆಪ್ರಿಕಾಟ್ ಜುಲೈ ಆಗಸ್ಟ್‌ನಲ್ಲಿ."

"ಯಾಕೆ, ಅದಕ್ಕೇನು ಬೇರೆ ಜಾತಕವಾ?"

ಒಂದು ರೀತಿ ಹೌದು. ಯುಟೈಪಾ ಎಂಬ ಶಿಲೀಂಧ್ರದ ಬೀಜಕಣ ಮಳೆಯಲ್ಲಿ ಹರಡುತ್ತದೆ. ಹಸಿ ಗಾಯ ಸಿಕ್ಕಿದರೆ ಒಳಗೆ ಹೊಕ್ಕು, ನಿಧಾನವಾಗಿ ಕೊಂಬೆ ಕೊಂಬೆಯನ್ನೇ ಸಾಯಿಸುತ್ತದೆ. ಆಪ್ರಿಕಾಟ್ ಮತ್ತು ಚೆರ್ರಿಗೆ ಈ ಕಾಟ ಜಾಸ್ತಿ. ಮಳೆ ಶುರುವಾಗುವುದಕ್ಕೆ ಕಡೇಪಕ್ಷ ಆರು ವಾರ ಮೊದಲೇ ಕತ್ತರಿಸಿದರೆ ಗಾಯ ಮಾಗಿರುತ್ತದೆ. ಈ ಸಿಲಿಕಾನ್ ಕಣಿವೆಯಲ್ಲಿ ಚಿಪ್ ಕಂಪನಿಗಳು ಬರುವ ಮೊದಲು ಕಣ್ಣು ಹಾಯಿಸಿದಷ್ಟೂ ಆಪ್ರಿಕಾಟ್, ಪ್ರೂನ್ ತೋಟಗಳೇ ಇದ್ದವು. ಸನ್ನಿವೇಲ್‌ನ ಆರ್ಚರ್ಡ್ ಹೆರಿಟೇಜ್ ಪಾರ್ಕ್‌ನಲ್ಲಿ ಒಂದು ಆಪ್ರಿಕಾಟ್ ತೋಟ ಈಗಲೂ ಇದೆ. ಮಂಡ್ಯದ ಹಿತ್ತಲಿನ ಮರವನ್ನೂ ಆ ಕಾಲದ ಯಾರೋ ಆಸೆಪಟ್ಟು ನೆಟ್ಟಿರಬೇಕು.

"ಸರಿ. ಆದರೆ ಇವೆರಡರಲ್ಲಿ ಪೀಚ್ ಯಾವುದು?"

ಎಲ್ಲರೂ ಸುಮ್ಮನಾದೆವು. ಎಲೆ ಇಲ್ಲ, ಹಣ್ಣಿಲ್ಲ. ಶಿಡ್ಲಘಟ್ಟ ಫೋನು ತೆಗೆದು ಬೋಳು ಮರದ ಫೋಟೋ ಹೊಡೆದ. ಆಪ್ ಯೋಚಿಸಿ "ಇದು ಮರ" ಎಂಬ ಮಟ್ಟದ ಉತ್ತರ ಕೊಟ್ಟಿತು. ಅಮ್ಮ ಮಾತ್ರ ಬಗ್ಗಿ, ಮರದ ಬುಡದ ಕೊಳೆತ ಎಲೆ ಸರಿಸಿ, ಒಂದೊಂದು ಬುಡದಿಂದ ಒಂದೊಂದು ಓಟೆ ಹೆಕ್ಕಿದರು. ಒಂದು ನುಣ್ಣಗೆ, ಚಪ್ಪಟೆಯಾಗಿತ್ತು. ಇನ್ನೊಂದರ ಮೈಯೆಲ್ಲ ಸುಕ್ಕು, ಗುಳಿ.

"ಸುಕ್ಕಿಂದು ಪೀಚ್" ಎಂದ ಶಿರಸಿ. "ಈಗ ತಾಮ್ರ ಹೊಡೆಯಬೇಕು."

ಇಲ್ಲಿಂದ ಕೊಳೆರೋಗ ಬಂತು. ಪೀಚ್ ಎಲೆ ಕೆಂಪಾಗಿ, ದಪ್ಪವಾಗಿ, ಮುದುರಿಕೊಳ್ಳುವ ಶಿಲೀಂಧ್ರ ರೋಗಕ್ಕೆ ಎಲೆ ಉದುರಿದ ಮೇಲೊಮ್ಮೆ, ಮೊಗ್ಗು ಉಬ್ಬುವ ಮೊದಲೊಮ್ಮೆ ತಾಮ್ರದ ಔಷಧಿ ಸಿಂಪಡಿಸಬೇಕು. ಮುದುರಿದ ಎಲೆ ಕಂಡ ಮೇಲೆ ಹೊಡೆದರೆ ಆ ವರ್ಷಕ್ಕೆ ಪ್ರಯೋಜನ ಇಲ್ಲ. "ಮೈಲುತುತ್ತು, ಸುಣ್ಣ. ಬೋರ್ಡೋ ದ್ರಾವಣ" ಎನ್ನುವಾಗ ಶಿರಸಿಯ ಕಣ್ಣು ಒದ್ದೆಯಾಗುವುದೊಂದು ಬಾಕಿ. 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿಯ ರೋಗಕ್ಕೆಂದು ಹುಟ್ಟಿದ ದ್ರಾವಣ ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. "ನಮ್ಮಜ್ಜ ಮಳೆ ಹಿಡಿಯೋದರೊಳಗೆ ಹೊಡೆಸುತ್ತಿದ್ದ. ನಾನೂ ಹಾಗೇ. ತಿಂಗಳು ಬೇರೆ ಅಷ್ಟೇ."

"ನಿಮ್ಮಜ್ಜ ಮರ ಹತ್ತುತ್ತಿದ್ದರಾ?"

"ಇಲ್ಲ, ಕೆಳಗೆ ನಿಂತು ಬೈಯುತ್ತಿದ್ದ."

ಮಂಡ್ಯ ಕಡೆಗೂ ಗರಗಸ ಎತ್ತಿದ. "ಎಷ್ಟು ಕತ್ತರಿಸಲಿ?"

"ಹೋದ ವರ್ಷ ಬೆಳೆದದ್ದರಲ್ಲಿ ಅರ್ಧ."

"ಅರ್ಧಾ?" ಬೆಳಗ್ಗೆಯಿಂದ ಏನಾದರೂ ಕೊಯ್ಯಬೇಕು ಅಂತ ಕುಣಿಯುತ್ತಿದ್ದವನ ಕೈ ಅಲ್ಲೇ ನಿಂತಿತು. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ ಮಾತ್ರ. ಪ್ರತಿ ವರ್ಷ ಜೋರಾಗಿ ಕತ್ತರಿಸಿದರೇನೇ ಹೊಸ ಕಡ್ಡಿ ಬರುವುದು, ಇಲ್ಲದಿದ್ದರೆ ಹಣ್ಣು ತುದಿಗೆ, ಇನ್ನೂ ತುದಿಗೆ ಹೋಗಿ ಕೊನೆಗೆ ಅಳಿಲಿಗೇ ಮೀಸಲು. ಇದನ್ನೆಲ್ಲ ಹೇಳಿದರೂ ಅವನು ಒಂದು ಬೆರಳುದ್ದದ ಕಡ್ಡಿ ಕತ್ತರಿಸಿ, ಹಿಂದೆ ಸರಿದು ನೋಡಿದ. ಇನ್ನೊಂದು ಕತ್ತರಿಸಿ ಮತ್ತೆ ನೋಡಿದ.

"ಕೊಡಪ್ಪ ಇಲ್ಲಿ" ಎಂದರು ಅಮ್ಮ. ಶಿಡ್ಲಘಟ್ಟ ಎಂದರೆ ರೇಷ್ಮೆಗೂಡಿನ ಊರು. ವರ್ಷಕ್ಕೊಮ್ಮೆ ಹಿಪ್ಪುನೇರಳೆಯನ್ನು ಬುಡಮಟ್ಟ ಕತ್ತರಿಸಿ ಬೆಳೆದ ಕೈ ಅದು, ಅರ್ಧಕ್ಕೆಲ್ಲ ಹೆದರುತ್ತದಾ? ನಾವು ಕಾಫಿ ಮುಗಿಸುವಷ್ಟರಲ್ಲಿ ಮರದ ನಡುವೆ ಬೆಳಕು ಬಿದ್ದಿತ್ತು. ಮಂಡ್ಯ ಬಿದ್ದ ಕಡ್ಡಿಗಳನ್ನು ಒಂದೊಂದಾಗಿ ಆರಿಸಿ, "ಇದರಲ್ಲಿ ಹಣ್ಣು ಬರ್ತಿತ್ತು, ಇದರಲ್ಲೂ ಬರ್ತಿತ್ತು" ಎನ್ನುತ್ತಿದ್ದ.

ಅವನ ಮನಸ್ಸು ಬೇರೆ ಕಡೆ ತಿರುಗಲಿ ಅಂತ ಹೊಸ ಗಿಡದ ಬಗ್ಗೆ ಕೇಳಿದೆ. ಖುಷಿಯಿಂದ ಗರಾಜಿಗೆ ಓಡಿ ಒಂದು ಕೋಲು ತಂದ. ಎಲೆ ಇಲ್ಲ, ಮಣ್ಣಿಲ್ಲ, ಬೇರಿಗೆ ಒದ್ದೆ ಮರದ ಪುಡಿ ಸುತ್ತಿದೆ.

"ದುಡ್ಡು ಕೊಟ್ಟು ಕೋಲು ತಂದೆಯಾ?" ಎಂದರು ಅಮ್ಮ.

ಜನವರಿಯಲ್ಲಿ ಇಲ್ಲಿನ ನರ್ಸರಿಗಳ ತುಂಬ ಇಂಥ ಬೆತ್ತಲೆ ಬೇರಿನ ಗಿಡಗಳೇ. ಮಲಗಿರುವಾಗಲೇ ಕಿತ್ತು ಮಾರುತ್ತಾರೆ, ಕುಂಡದ ಗಿಡಕ್ಕಿಂತ ಅಗ್ಗ, ಮಳೆಯಲ್ಲಿ ಬೇರು ನಮ್ಮ ಮಣ್ಣಿಗೇ ನೇರವಾಗಿ ಹೊಂದಿಕೊಳ್ಳುತ್ತದೆ. ಇದು ಸೇಬು, ಅನ್ನಾ ಎಂಬ ತಳಿ. ಜಾಸ್ತಿ ಚಳಿ ಬೇಡದ್ದು.

"ಸೇಬಿಗೆ 7 ಡಿಗ್ರಿಗಿಂತ ಕಡಿಮೆ ಚಳಿ ಇಷ್ಟು ಗಂಟೆ ಅಂತ ಸಿಗಬೇಕು" ಎಂದ ಶಿಡ್ಲಘಟ್ಟ, ಫೋನಿನಲ್ಲಿ ಪಟ್ಟಿ ತೆರೆದು. "ಸಿಗದಿದ್ದರೆ ಹೂವೇ ಸರಿಯಾಗಿ ಬಿಡಲ್ಲ. ನಾನು ನವೆಂಬರ್‌ನಿಂದ ಲೆಕ್ಕ ಇಟ್ಟಿದ್ದೀನಿ."

"ಗಿಡಕ್ಕೂ ಹಾಜರಿ ಪುಸ್ತಕವಾ? ಮೊದಲು ಅವರೆಕಾಯಿ ಲೆಕ್ಕ ಹೇಳು" ಎಂದರು ಅಮ್ಮ.

ಶಿಡ್ಲಘಟ್ಟ ಫೋನು ಒಳಗಿಟ್ಟ. ಊರಲ್ಲಿ ಜನವರಿ ಅಂದರೆ ಸೊಗಡು ಅವರೆಯ ಕಾಲ. ಇಲ್ಲಿ ಅವನ ಚಪ್ಪರದ ಅವರೆ ಬೇಸಿಗೆಯೆಲ್ಲ ಬರೀ ಎಲೆ ಬಿಟ್ಟು, ರಾತ್ರಿ ಉದ್ದವಾದ ಮೇಲೆ ಅಕ್ಟೋಬರ್‌ನಲ್ಲಿ ಹೂ ಬಿಟ್ಟಿತು. ಕಾಯಿ ಬಲಿಯುವ ಮೊದಲೇ ಚಳಿ ಬಂತು. ಬದಲಿಗೆ ನಾನು ನವೆಂಬರ್‌ನಲ್ಲಿ ಫಾವಾ ಎಂಬ ಅವರೆಯಂಥದೇ ಕಾಳಿನ ಬೀಜ ಹಾಕಿದ್ದೇನೆ. ಇದಕ್ಕೆ ಚಳಿಯೇ ಇಷ್ಟ. ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಗೊಬ್ಬರವೂ ಆಗುತ್ತದೆ.

"ಹೂ ಬಂದಾಗಲೇ ಕತ್ತರಿಸಿ ಮಣ್ಣಿಗೆ ಸೇರಿಸಬೇಕು" ಎಂದ ಶಿರಸಿ. "ಕಾಯಿ ಬಿಟ್ಟರೆ ಸಾರವೆಲ್ಲ ಕಾಳಿಗೆ ಹೋಗುತ್ತದೆ, ಮಣ್ಣಿಗೆ ಉಳಿಯಲ್ಲ."

"ಆ ಕಾಳಿನ ಮೇಲೆ ಸಿಪ್ಪೆ ಇರುತ್ತಾ?" ಕೇಳಿದರು ಅಮ್ಮ.

"ಇರುತ್ತೆ, ದಪ್ಪಗೆ. ಬಿಸಿನೀರಿಗೆ ಹಾಕಿ ಹಿತುಕಿದರೆ ಪುಳಕ್ಕನೆ ಬರುತ್ತದೆ."

"ಹಿತುಕಬಹುದು ಅಂದ ಮೇಲೆ ಮಣ್ಣಿಗೆ ಯಾಕೆ ಹಾಕ್ತೀರಿ?"

ಅಲ್ಲಿಗೆ ಗೊಬ್ಬರದ ವಾದ ಸತ್ತುಹೋಯಿತು. ಏಪ್ರಿಲ್‌ನಲ್ಲಿ ನಮ್ಮ ಮನೆಯಲ್ಲಿ ಹಿತುಕಿದ ಫಾವಾ ಸಾರು ಎಂದು ದಿನ ಗೊತ್ತುಮಾಡಿದ್ದೂ ಆಯಿತು. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆಗೂ ಇದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕೊತ್ತಂಬರಿ ಹಾಕಿದರೆ ಮೂರೆಲೆ ಬಿಟ್ಟು ಹೂವಿಗೆ ಓಡುತ್ತದೆ. ಈಗಿನ ಶತ್ರು ಬಸವನಹುಳ ಮಾತ್ರ. 1850ರ ದಶಕದಲ್ಲಿ ತಿನ್ನುವುದಕ್ಕೆಂದು ಇಲ್ಲಿಗೆ ತಂದವಂತೆ. ಈಗ ತಿನ್ನುತ್ತಿರುವುದು ಅವು. ರಾತ್ರಿ ಟಾರ್ಚ್ ಹಿಡಿದು ಆರಿಸುವ ಶಿರಸಿ, ಡಬ್ಬಿ ತುಂಬಿದ ಮೇಲೆ ಏನು ಮಾಡಬೇಕು ತಿಳಿಯದೆ ಹಿಂಸೆ ಅಹಿಂಸೆಯ ನಡುವೆ ಅಂಗಳದಲ್ಲೇ ನಿಂತಿರುತ್ತಾನೆ ಎಂದು ಅವನ ಹೆಂಡತಿ ಹೇಳಿದ್ದುಂಟು.

ಗುಲಾಬಿಯ ಬುಡದಲ್ಲೆಲ್ಲ ಮೂರೆಲೆಯ ಕಳೆ ಹಬ್ಬಿ, ಹಳದಿ ಹೂ ಬಿಡಲು ಶುರುವಾಗಿತ್ತು. ಆಕ್ಸಾಲಿಸ್. ಕೇಪ್‌ನಿಂದ ಬಂದದ್ದು, ಅಲ್ಲಿಯದೂ ಇದೇ ಹವೆ, ಹಾಗಾಗಿ ಇಲ್ಲಿ ಸ್ವಂತ ಮನೆಯಂತೆ ಇದೆ. ಮೊದಲ ಮಳೆಗೆ ಏಳುತ್ತದೆ, ಬೇಸಿಗೆಗೆ ಮಾಯ. ಎಳೆದರೆ ಕಾಂಡ ಕೈಗೆ, ಪುಟ್ಟ ಗೆಡ್ಡೆಗಳೆಲ್ಲ ಮಣ್ಣಲ್ಲೇ.

ಅಮ್ಮ ಒಂದು ದಂಟು ಕಿತ್ತು ಬಾಯಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿದರು. "ಹುಳಿಸೊಪ್ಪು!"

"ನಮ್ಮ ಕಡೆಯ ಪುಲ್ಲಂಪುರಚಿ ಸೊಪ್ಪಿನ ದಾಯಾದಿ" ಎಂದ ಶಿರಸಿ, ಕುರ್ಚಿಯಿಂದ ಎದ್ದೇ ಬಿಟ್ಟ. "ಸ್ವಲ್ಪ ಹಾಕಿದರೆ ತಂಬುಳಿ ಆಗುತ್ತದೆ. ಜಾಸ್ತಿ ಬೇಡ, ಕಿಡ್ನಿಗೆ ಆಗಲ್ಲ. ಮಂಡ್ಯ, ಮೊಸರಿದೆಯಾ?"

"ಮೊಸರಿದೆ. ಗುಲಾಬಿ ಕತ್ತರಿಸಲಾ?"

"ಕತ್ತರಿಸು, ಅದಕ್ಕೆ ಇದೇ ಕಾಲ" ಎಂದೆ.

"ಆಮೇಲೆ ಕತ್ತರಿಸುವೆಯಂತೆ" ಎಂದರು ಅಮ್ಮ, ಗರಗಸ ಕೆಳಗಿಟ್ಟು ಗುದ್ದಲಿ ಅವನ ಕೈಗೆ ಕೊಡುತ್ತಾ. "ಮೊದಲು ಇದನ್ನು ಗೆಡ್ಡೆ ಸಮೇತ ಅಗಿ. ಸೊಪ್ಪು ಈ ಕಡೆ ಹಾಕು, ಗೆಡ್ಡೆ ಕಸದ ಡಬ್ಬಿಗೆ. ಒಂದು ಉಳಿದರೂ ಬರುವ ವರ್ಷ ನಾನೇ ಬಂದು ಎಣಿಸ್ತೀನಿ."