ಅಪ್‌ಡೇಟ್: ರಾಣಿ ಇಲ್ಲದ ಜೇನುಪೆಟ್ಟಿಗೆಯನ್ನು ಕೊನೆಗೆ ಬೇರೆ ಪೆಟ್ಟಿಗೆಗೆ ಸೇರಿಸಿದೆ
ಮೇ ಕೊನೆಯಲ್ಲಿ ಕೇಳಿದ್ದೆನಲ್ಲ, ಶಿರಸಿ ಹತ್ತಿರದ ನಮ್ಮ ತೋಟದ ತುಡುವೆ ಜೇನಿನ ಪೆಟ್ಟಿಗೆಯಲ್ಲಿ ರಾಣಿ ಕಾಣುತ್ತಿಲ್ಲ, ಹೊಸ ರಾಣಿ ಏಳುತ್ತದಾ ಅಂತ ಕಾಯಲಾ ಎಂದು. ಮರುದಿನ ಎರಿಯನ್ನು (ನೊಣಗಳು ಮೇಣದಲ್ಲಿ ಕಟ್ಟುವ ಕೋಣೆಗಳ ಹಲಗೆ) ಬಿಸಿಲಿಗೆ ಹಿಡಿದು ನೋಡಿದೆ. ಒಂದೊಂದು ಕೋಣೆಯಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ತಳದಲ್ಲಲ್ಲ, ಗೋಡೆಗೆ ಅಂಟಿದ್ದವು. ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿದ್ದವು, ಅದರಿಂದ ಬರುವುದು ಬರೀ ಗಂಡು ನೊಣ. ತುಂಬಾ ಸಂಕಟವಾಯ್ತು. ಇನ್ನು ಹೊಸ ರಾಣಿ ಎದ್ದರೂ ಈ ಮಳೆಯಲ್ಲಿ ಹಾರಿ ಗಂಡು ನೊಣಗಳ ಜೊತೆ ಕೂಡುವುದು ಕಷ್ಟ, ಅಲ್ವಾ? ಹಾಗಾಗಿ ನೀವು ಹೇಳಿದಂತೆ ಸಂಜೆ ಹೊತ್ತಿಗೆ, ರಾಣಿಯಿರುವ ಬಲವಾದ ಪೆಟ್ಟಿಗೆಯ ಮೇಲೆ ಎರಡೂ ಗುಂಪು ಒಮ್ಮೆಲೇ ಸೇರಿ ಕಚ್ಚಾಡದಿರಲಿ ಅಂತ ಪೇಪರ್ ಹಾಸಿ, ಸೂಜಿಯಲ್ಲಿ ತೂತು ಮಾಡಿ, ರಾಣಿಯಿಲ್ಲದ ಈ ಪೆಟ್ಟಿಗೆಯನ್ನು ಮೇಲಿಟ್ಟೆ. ನಾಲ್ಕನೇ ದಿನ ಬಾಗಿಲ ಮುಂದೆ ಪೇಪರ್ ಚೂರು ಬಿದ್ದಿತ್ತು, ಸತ್ತ ಹುಳ ಜಾಸ್ತಿ ಇರಲಿಲ್ಲ. ಈಗ ಸಕ್ಕರೆ ಪಾಕ ಕೊಡುತ್ತಿದ್ದೇನೆ. ನಿನ್ನೆ ನೋಡಿದರೆ ಕೋಣೆಗೊಂದೇ ಮೊಟ್ಟೆ, ನಟ್ಟನಡುವೆ, ಅಂದರೆ ಈಗ ಇಡುತ್ತಿರುವುದು ರಾಣಿಯೇ!