ಸಹಾಯ ಬೇಕು: ಮೋಸೆಲ್ ಕಣಿವೆಯ ರೀಸ್ಲಿಂಗ್ ವೈನನ್ನು ಬೆಂಗಳೂರಿನ ಬೇಸಿಗೆಯಲ್ಲಿ ಕಾಪಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಟ್ರಿಯರ್‌ನಲ್ಲಿ ಕೆಲಸದಲ್ಲಿರುವ ನಾನು ಏಪ್ರಿಲ್ ಕೊನೆಗೆ ಊರಿಗೆ ಬರುವಾಗ, ಬೆಂಗಳೂರಿನ ಅಣ್ಣನಿಗೆಂದು ಮೋಸೆಲ್ ನದಿ ಕಣಿವೆಯ ರೀಸ್ಲಿಂಗ್ ಎಂಬ ದ್ರಾಕ್ಷಿಯ ಬಿಳಿ ವೈನಿನ ಎರಡು ಬಾಟಲಿ ತರಬೇಕೆಂದಿದ್ದೇನೆ. ಎರಡು ಲೀಟರಿನವರೆಗೆ ಸುಂಕವಿಲ್ಲದ ಕಾರಣ ಆ ಚಿಂತೆಯಿಲ್ಲ; ನನ್ನ ಚಿಂತೆಯೆಲ್ಲ ಬಿಸಿಲಿನದು.

ಈ ವೈನಿನ ಜೀವವೇ ಅದರ ಹುಳಿ. ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದ ಈ ಚಳಿ ಸೀಮೆಯಲ್ಲಿ ದ್ರಾಕ್ಷಿ ಬಹಳ ನಿಧಾನವಾಗಿ ಹಣ್ಣಾಗುವುದರಿಂದ ಆ ಹುಳಿ ಉಳಿಯುತ್ತದೆ. ನದಿಯತ್ತ ಮುಖ ಮಾಡಿದ ಕಡಿದಾದ ಇಳಿಜಾರುಗಳ ಸ್ಲೇಟ್ ಕಲ್ಲು (ಚಿಕ್ಕಂದಿನಲ್ಲಿ ನಾವು ಬಳಪದಿಂದ ಬರೆಯುತ್ತಿದ್ದ ಅದೇ ಜಾತಿಯ ಕಲ್ಲು) ಹಗಲಿನ ಶಾಖವನ್ನು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡದಿದ್ದರೆ ಅಷ್ಟೂ ಹಣ್ಣಾಗುವುದು ಕಷ್ಟ. ಕಳೆದ ವಾರ ತೆರೆದ ಬಾಟಲಿಯಲ್ಲಿ ಹಸಿರು ಸೇಬಿನ, ನಿಂಬೆ ಸಿಪ್ಪೆಯ ಪರಿಮಳವಿತ್ತು. ತಳದಲ್ಲಿ ಕಲ್ಲುಸಕ್ಕರೆಯ ಚೂರಿನಂಥ ಹರಳುಗಳಿದ್ದವು. ಅವು ಟಾರ್ಟಾರಿಕ್ ಆಮ್ಲದ ಲವಣಗಳು, ನಿರಪಾಯಕಾರಿ ಎಂಬುದನ್ನು ಬಲ್ಲೆ.

ನೆಲಮಾಳಿಗೆಯಿಲ್ಲದ ಮನೆಯಲ್ಲಿ ಎರಡು ತಿಂಗಳು ಇಡಬೇಕಾದರೆ ಫ್ರಿಜ್ಜೇ ಲೇಸೋ, ಕತ್ತಲ ಕಪಾಟು ಸಾಕೋ? ಅತ್ತಿಗೆ ಮಂಗಳೂರಿನವರಾದ್ದರಿಂದ ಮೀನಿನ ಗಸಿಯ ಜೊತೆ ಕುಡಿಯುವುದು ಖಚಿತ. ಆ ಖಾರಕ್ಕೆ ಮದ್ಯಸಾರ ಕಡಿಮೆಯಿರುವ, ತುಸು ಸಿಹಿಯುಳಿದ ‘ಕಾಬಿನೆಟ್’ ಬಗೆಯ ರೀಸ್ಲಿಂಗ್ ಒಗ್ಗುತ್ತದೆಂದು ನನ್ನ ಅನಿಸಿಕೆ, ಆದರೆ ಅಣ್ಣನಿಗೆ ಸಿಹಿಯಿಲ್ಲದ ‘ಟ್ರೊಕೆನ್’ ಬಗೆ ಇಷ್ಟ. ಎರಡನ್ನೂ ನಮ್ಮ ಅಡುಗೆಯೊಡನೆ ಸವಿದವರು, ಬೇಸಿಗೆಯಲ್ಲಿ ಮನೆಯಲ್ಲಿಟ್ಟು ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.