ಬೇವಿನ ಗಿಡದ ಕೆಳಗಿನ ಎರಡು ಕುಳದ ರಂಟಿ: ಯಾವ ಕಂಪನಿಯದು, ಏನು ಮಾಡಲಿ?

ರೋಣದ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮೂರು ಗದಗ ಜಿಲ್ಲೆಯ ರೋಣದ ಹತ್ತಿರ. ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಬ್ಬಿಣದ ರಂಟಿ, ಅಂದರೆ ನೇಗಿಲು, ಬಿದ್ದಿದೆ. ನಾನು ಹುಟ್ಟುವ ಮೊದಲಿನಿಂದಲೂ ಅಲ್ಲೇ ಇದೆ. ಎರಡು ಕುಳ, ಮೂರು ಗಾಲಿ. ಮೂರೂ ಗಾಲಿಯ ಅಳತೆ ಬೇರೆ ಬೇರೆ. ಕೈಯಲ್ಲಿ ಹಿಡಿಯುವ ಮೇಳಿ ಇಲ್ಲ. ಒಂದು ಕುಳದ ಹಿಂಬದಿಯಲ್ಲಿ ಅರ್ಧ ಸವೆದ ಇಂಗ್ಲಿಷ್ ಅಕ್ಷರಗಳಿವೆ, ಕೊನೆಗೆ 'ವಿಚ್' ಅಂತ ಓದಲಿಕ್ಕೆ ಬರುತ್ತದೆ. ಗುಜರಿಯವರು ಕೆಜಿ ಲೆಕ್ಕದಲ್ಲಿ ಕೇಳುತ್ತಿದ್ದಾರೆ. ಅಪ್ಪ ಕೊಟ್ಟುಬಿಡೋಣ ಅಂತಾರೆ, ನನಗೆ ಮನಸ್ಸಿಲ್ಲ. ಇದು ಎತ್ತಿನದಾ, ಟ್ರ್ಯಾಕ್ಟರಿನದಾ? ಯಾವ ಕಂಪನಿಯದು?

ಶಿಗ್ಗಾವಿ ಮಸಾರಿ
ತಮ್ಮಾ, ಇದು ಕಿರ್ಲೋಸ್ಕರ್ ಇರಬೇಕು. ನಮ್ಮ ಅಜ್ಜ ಕಬ್ಬಿಣದ ರಂಟಿಗೆಲ್ಲ ಕಿರ್ಲೋಸ್ಕರ್ ಅಂತಲೇ ಕರೆಯುತ್ತಿದ್ದರು. ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಕಡೆಯವರೇ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮನೆಯಲ್ಲಿ ಇಟ್ಟುಕೋ, ಕೊಡಬೇಡ.

ಹುಬ್ಬಳ್ಳಿ ಫಿಟ್ಟರ್
ಅಣ್ಣಾರೆ, ಇಟ್ಟುಕೋ ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಆದರೆ ಇದು ಕಿರ್ಲೋಸ್ಕರ್ ಅಲ್ಲ. 1910ರಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಶುರುವಾಯಿತು. ಅವರಿಗೆ ಹೆಸರು ತಂದ ರಂಟಿ ಎತ್ತಿನದು. ಹಿಂದೆ ಒಬ್ಬ ಮೇಳಿ ಹಿಡಿದು ನಡೆಯಬೇಕು. ಇಲ್ಲಿ ಮೇಳಿಯೇ ಇಲ್ಲ, ಗಾಲಿ ಮೂರಿವೆ. ಟ್ರ್ಯಾಕ್ಟರ್ ಹಿಂದೆ ಕೊಂಡಿ ಹಾಕಿ ಎಳೆಯುವ ರಂಟಿ ಇದು. ಒಂದು ಗಾಲಿ ಇನ್ನೂ ಉಳದ ನೆಲದ ಮೇಲೆ ಓಡುತ್ತದೆ, ಇನ್ನೊಂದು ತೆರೆದ ಸಾಲಿನಲ್ಲಿ. ಹಿಂದಿನ ಚಿಕ್ಕದು ಕೊನೆಯ ಸಾಲಿನಲ್ಲಿ. ಅದಕ್ಕೇ ಅಳತೆ ಬೇರೆ.

ತಮ್ಮಾ, ಎಡಗಡೆ ಗಾಲಿಯ ನಡುವೆ ಹಲ್ಲಿನ ಚಕ್ರ, ಹಗ್ಗ ಕಟ್ಟುವ ಲಿವರ್ ಇದೆಯಾ ನೋಡು. ಡ್ರೈವರ್ ಸೀಟಿನಿಂದ ಹಗ್ಗ ಜಗ್ಗಿದರೆ ಹಲ್ಲು ಕಚ್ಚಿಕೊಳ್ಳುತ್ತದೆ. ಗಾಲಿ ತಿರುಗುವ ಬಲದಿಂದಲೇ ರಂಟಿ ಮೇಲೇಳುತ್ತದೆ. ಮತ್ತೆ ಜಗ್ಗಿದರೆ ಇಳಿಯುತ್ತದೆ. ಹೈಡ್ರಾಲಿಕ್ ಬೇಕಿಲ್ಲ. ನಾನು ಒಮ್ಮೆ ಮಾತ್ರ ಅದನ್ನು ಕೈಯಾರೆ ಬಿಚ್ಚಿ ಕೂಡಿಸಿದ್ದೇನೆ, ಇವತ್ತಿಗೂ ಅದರ ಚಂದ ಮರೆತಿಲ್ಲ.

'ವಿಚ್' ಅಂದರೆ ಇಪ್ಸ್‌ವಿಚ್, ಇಂಗ್ಲೆಂಡಿನ ಊರು. ಅಲ್ಲಿನ ರ‍್ಯಾನ್ಸಮ್ಸ್ ಕಂಪನಿಯದು ಇದು.

ಕುಲುಮೆ ಮನೆ, ಧಾರವಾಡ
ಫಿಟ್ಟರ್ ಅಣ್ಣಾರು ಅವಸರ ಮಾಡಿದರು. ಕುಳ ಸವೆಯುವ ವಸ್ತು. ಒಂದು ರಂಟಿ ತನ್ನ ಆಯುಷ್ಯದಲ್ಲಿ ಎಷ್ಟು ಕುಳ ಬದಲಿಸುತ್ತದೋ! ಕುಳದ ಮೇಲಿನ ಅಕ್ಷರ ನೋಡಿದರೆ ಆ ಕುಳ ಯಾರದು ಅಂತ ಗೊತ್ತಾಗುತ್ತದೆ, ರಂಟಿ ಯಾರದು ಅಂತಲ್ಲ. ಹೊರಗಿನ ಫೌಂಡ್ರಿಗಳೂ ದೊಡ್ಡ ಕಂಪನಿಗಳ ರಂಟಿಗೆ ಕೂಡುವ ಕುಳ ಎರೆದು ಮಾರುತ್ತಿದ್ದವು.

ತಮ್ಮಾ, ಕುಳ ಮತ್ತು ಮಣ್ಣು ಮಗುಚುವ ರೆಕ್ಕೆ ಎರಡೂ ಒಂದು ಎರಕದ ತುಂಡಿಗೆ ಬೋಲ್ಟ್ ಆಗಿರುತ್ತವೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ರಾಗ್ ಅಂತಾರೆ. ಅದು ಮಣ್ಣಿಗೆ ಅಷ್ಟಾಗಿ ಸಿಗುವುದಿಲ್ಲ, ಸವೆಯುವುದೂ ಕಡಿಮೆ. ಅದರ ಹಿಂದೆ ಅಕ್ಷರ ಹುಡುಕು. ಮಣ್ಣು ಗಟ್ಟಿಯಾಗಿದ್ದರೆ ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಡು. ಆಮೇಲೆ ಕಟ್ಟಿಗೆ ತುಂಡಿನಿಂದ ಕೆರೆ, ಕಬ್ಬಿಣದಿಂದ ಬೇಡ.

ಹುಬ್ಬಳ್ಳಿ ಫಿಟ್ಟರ್
ಒಪ್ಪಿದೆ. ಹಾಗಾದರೆ ಬೋಲ್ಟ್ ನೋಡೋಣ, ಅದು ಸುಳ್ಳು ಹೇಳುವುದಿಲ್ಲ. ಅರ್ಧ ಇಂಚಿನ ಬೋಲ್ಟ್ ಒಂದು ಬಿಚ್ಚಿ, ಒಂದು ಇಂಚಿನಲ್ಲಿ ಎಷ್ಟು ಎಳೆ ಇವೆ ಎಣಿಸು. ಇಂಗ್ಲೆಂಡಿನ ವಿಟ್‌ವರ್ತ್ ಅಳತೆಯ ಎಳೆ ಆದರೆ 12. ಅಮೆರಿಕದ್ದಾದರೆ ಸಾಮಾನ್ಯವಾಗಿ 13. ಪಾನಾ (ಸ್ಪ್ಯಾನರ್) ಹಾಕಿದರೂ ತಿಳಿಯುತ್ತದೆ. ಹಳೆ ಅಳತೆಯ ಅರ್ಧ ಇಂಚು ವಿಟ್‌ವರ್ತ್ ನಟ್ಟಿನ ಅಗಲ ಸುಮಾರು 23.4 ಮಿಲಿಮೀಟರ್. 23ರ ಪಾನಾ ಒಳಗೆ ಹೋಗುವುದಿಲ್ಲ, 24ರದು ಜಾರುತ್ತದೆ.

ಕುಲುಮೆ ಮನೆ, ಧಾರವಾಡ
ಬೋಲ್ಟೂ ಬದಲಾಗಿರಬಹುದಲ್ವಾ? ಒಂದಲ್ಲ, ನಾಲ್ಕೈದು ಕಡೆ ಎಣಿಸಬೇಕು. ಎಲ್ಲ ಒಂದೇ ಮಾತು ಹೇಳಿದರೆ ನಂಬೋಣ.

ಅಣ್ಣಿಗೇರಿ ಅಕ್ಕ
ತಮ್ಮಾ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗ್ರೈಂಡರ್ ಮುಟ್ಟಬೇಡ. ನಮ್ಮ ಅಪ್ಪನ ಹತ್ತಿರ ಫರ್ಗ್ಯೂಸನ್ ಕಂಪನಿಯ ರಂಟಿ ಇತ್ತು. ಗಾಲಿ ಮೇಲೆ ಓಡುವುದಲ್ಲ, ಟ್ರ್ಯಾಕ್ಟರಿನ ಮೂರು ತೋಳಿಗೆ ನೇತಾಡುವುದು. ಕುಳದ ಮೇಲೆ ಜಗ್ಗಾಟ ಹೆಚ್ಚಾದರೆ ಮೇಲಿನ ತೋಳು, ಅಂದರೆ ಟಾಪ್ ಲಿಂಕ್, ಒತ್ತುತ್ತದೆ, ಹೈಡ್ರಾಲಿಕ್ ತಾನಾಗಿ ರಂಟಿಯನ್ನು ಸ್ವಲ್ಪ ಎತ್ತುತ್ತದೆ. ಅಪ್ಪ ಅದನ್ನು ಬಂದವರಿಗೆಲ್ಲ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು. ಅದರ ಚೌಕಟ್ಟಿನ ಮೇಲಿನ ಸಣ್ಣ ತಗಡಿನಲ್ಲಿ 10-ಎಇ-28 ಅಂತ ಇತ್ತು. ಹತ್ತು ಇಂಚಿನ ಎರಡು ಸಾಲಿನ ಮಾದರಿ ಅದು. ಅಪ್ಪ ತೀರಿಕೊಂಡ ಮೇಲೆ ಚಂದ ಮಾಡಬೇಕು ಅಂತ ನಾನೇ ವರ್ಕ್‌ಶಾಪಿಗೆ ಕಳಿಸಿದೆ. ಫಳಫಳ ಹೊಳೆಯುತ್ತಾ ಬಂತು. ತಗಡೂ ಇಲ್ಲ, ಎರಕದ ಅಕ್ಷರವೂ ಇಲ್ಲ. ಹಳೆಯ ಬೂದು ಬಣ್ಣದ ಒಂದು ಚೂರೂ ಉಳಿದಿಲ್ಲ. ಅವತ್ತು ಅಂಗಳದಲ್ಲಿ ಕೂತು ಅತ್ತಿದ್ದೇನೆ.

ನವಲಗುಂದ ಎರೆಹೊಲ
ಎಲ್ಲರೂ ಅಕ್ಷರದ ಹಿಂದೆ ಬಿದ್ದಿದ್ದೀರಿ. ನಾನು ಹೊಲದ ಮಾತು ಕೇಳುತ್ತೇನೆ. ನಮ್ಮ ಎರೆಗೆ, ಅಂದರೆ ಕಪ್ಪು ಮಣ್ಣಿಗೆ, ಈ ರಂಟಿ ನಿಜವಾಗಿ ಒಗ್ಗಿತ್ತಾ? ಹಸಿ ಇದ್ದಾಗ ಹೊಡೆದರೆ ಮಣ್ಣು ರೆಕ್ಕೆಗೆ ಮೆತ್ತಿಕೊಂಡು ಮಗುಚುವುದೇ ಇಲ್ಲ. ಒಣಗಿದ ಮೇಲೆ ಹೊಡೆದರೆ ಕೊಡದಷ್ಟು ದೊಡ್ಡ ಹೆಂಟೆ ಏಳುತ್ತವೆ. ಎರೆ ತಾನೇ ಬಿರಿದು ತಾನೇ ಸಡಿಲಾಗುವ ಮಣ್ಣು. ನಮ್ಮ ಹಿರಿಯರು ಕುಂಟೆ ಹೊಡೆದೇ ಜೋಳ, ಕಡಲೆ ಬೆಳೆದರು. ಹಳೆಯದು ಅಂದ ಮಾತ್ರಕ್ಕೆ ಹೊಗಳಬೇಕಾ?

ಕುಲುಮೆ ಮನೆ, ಧಾರವಾಡ
ಕಾಕಾ, ಪ್ರತಿ ವರ್ಷ ಹೊಡೆಯಬಾರದು ಅನ್ನುವುದು ಸರಿ. ಆದರೆ ಕರಿಕೆ ಹುಲ್ಲು ಬಿದ್ದ ಹೊಲಕ್ಕೆ ಕುಂಟೆ ಏನು ಮಾಡುತ್ತದೆ? ಮೇಲೆ ಕೊಯ್ದು ಹೋಗುತ್ತದೆ, ಬೇರು ಕೆಳಗೆ ನಗುತ್ತಿರುತ್ತದೆ. ಬೇಸಿಗೆಯಲ್ಲಿ ಆಳವಾಗಿ ಮಗುಚಿ, ಗಡ್ಡೆ ಮೇಲೆ ಬಂದು ಬಿಸಿಲಿಗೆ ಒಣಗಬೇಕು. ನಮ್ಮ ಅಪ್ಪನ ಕುಲುಮೆಗೆ ಆ ಕಾಲಕ್ಕೇ ಕುಳ ಬರುತ್ತಿದ್ದವು. ಮಣ್ಣು ಮೆತ್ತುವ ಮಾತೂ ನಿಜ. ಅದಕ್ಕೇ ರೆಕ್ಕೆ ನೋಡಬೇಕು ಅನ್ನುವುದು. ಒಳ್ಳೆಯ ರೆಕ್ಕೆಯ ಉಕ್ಕು ಮೂರು ಪದರದ್ದು. ಹೊರಗೆ ಎರಡೂ ಕಡೆ ಗಟ್ಟಿ, ನಡುವೆ ಮೆತ್ತಗೆ. ಗಟ್ಟಿ ಮೈ ಕನ್ನಡಿಯಂತೆ ನುಣುಪಾಗಿ ಮಣ್ಣು ಜಾರಿಸುತ್ತದೆ, ಮೆತ್ತನೆ ನಡು ಮುರಿಯದಂತೆ ಕಾಯುತ್ತದೆ. ಅದನ್ನು ಬಡಿದವರ ಕೈಗೆ ನಮಸ್ಕಾರ ಮಾಡಬೇಕು ಅನಿಸುತ್ತದೆ ನನಗೆ.

ಶಿಗ್ಗಾವಿ ಮಸಾರಿ
ನಮ್ಮ ಮಸಾರಿಯ ಕೆಂಪು ಮಣ್ಣಿನಲ್ಲಿ ಮೆತ್ತುವ ಕಾಟ ಕಡಿಮೆ, ಕಲ್ಲಿನ ಕಾಟ ಜಾಸ್ತಿ. ಎರಕದ ಕುಳ ಕಲ್ಲಿಗೆ ಬಡಿದರೆ ಟಪ್ ಅಂತ ಮುರಿಯುತ್ತಿತ್ತು. ಕಂಬಾರರಿಗೆ ಒಯ್ದರೆ ಕೈ ಆಡಿಸಿಬಿಡುತ್ತಿದ್ದರು.

ಹುಬ್ಬಳ್ಳಿ ಫಿಟ್ಟರ್
ಎರಕವನ್ನು ಕಾಸಿ ಬಡಿಯಲಿಕ್ಕೆ ಬರುವುದಿಲ್ಲ, ಚೂರಾಗುತ್ತದೆ. ಆದರೆ ಅದರಲ್ಲೂ ಒಂದು ಜಾಣತನ ಇದೆ. 1803ರಲ್ಲಿ ಆ ಇಪ್ಸ್‌ವಿಚ್ ಕಂಪನಿ ಕಟ್ಟಿದ ರಾಬರ್ಟ್ ರ‍್ಯಾನ್ಸಮ್ ಅದಕ್ಕೆ ಪೇಟೆಂಟ್ ಪಡೆದ. ಕುಳದ ಕೆಳಮೈ ಬೇಗ ತಣ್ಣಗಾಗುವಂತೆ ಎರೆದರೆ ಅದು ಬಲು ಗಟ್ಟಿ. ಮೇಲ್ಮೈ ನಿಧಾನ ತಣ್ಣಗಾಗಿ ಮೆತ್ತಗೆ. ಉಳುವಾಗ ಮೇಲಿನದು ಬೇಗ ಸವೆಯುತ್ತದೆ, ಕೆಳಗಿನ ಗಟ್ಟಿ ಅಂಚು ಚೂಪಾಗಿಯೇ ಉಳಿಯುತ್ತದೆ. ಉಳುತ್ತಾ ಉಳುತ್ತಾ ತನ್ನನ್ನು ತಾನೇ ಹರಿತ ಮಾಡಿಕೊಳ್ಳುವ ಕುಳ!

ರೋಣದ ಹುಡುಗ
ಎರಡು ದಿನ ಇದೇ ಕೆಲಸ ಮಾಡಿದೆ. ಹಲ್ಲಿನ ಚಕ್ರ ಇದೆ. ಲಿವರಿನ ತೂತಿನಲ್ಲಿ ಹಗ್ಗದ ನಾರು ಇನ್ನೂ ಸಿಕ್ಕಿಕೊಂಡಿತ್ತು. ಐದು ಬೋಲ್ಟ್ ಬಿಚ್ಚಿದೆ. ನಾಲ್ಕರಲ್ಲಿ 12 ಎಳೆ, ಒಂದು ಈಗಿನದು. ಮುಂದಿನ ಫ್ರಾಗಿನ ಹಿಂದೆ ಆರ್, ಎ, ಎನ್, ಎಸ್ ಅಕ್ಷರ ಉಬ್ಬಿ ನಿಂತಿವೆ. ನಟ್ಟಿನ ಕೆಳಗೆ ಉಗುರಗಲ ನೀಲಿ ಬಣ್ಣ ಇದೆ.

ಇನ್ನೊಂದು ವಿಷಯ. ಹಿಂದಿನ ಕುಳ ಬೇರೆ ಥರ ಇದೆ. ಅಕ್ಷರ ಇಲ್ಲ. ಮೈತುಂಬ ಸುತ್ತಿಗೆಯ ಏಟು. ತಟ್ಟಿದರೆ ಮುಂದಿನದು ದಬ್ ಅನ್ನುತ್ತದೆ, ಇದು ಗಂಟೆಯ ಹಾಗೆ ಠಣ್ ಅನ್ನುತ್ತದೆ.

ಹುಬ್ಬಳ್ಳಿ ಫಿಟ್ಟರ್
ರ‍್ಯಾನ್ಸಮ್ಸ್‌ನ ಬಣ್ಣವೂ ನೀಲಿಯೇ. ನಮ್ಮ ಕಡೆ ಆಮೇಲೆ ನೀಲಿ ಬಳಿಯುವವರೂ ಇದ್ದರು, ಬರೀ ಬಣ್ಣ ಆಗಿದ್ದರೆ ನಂಬುತ್ತಿರಲಿಲ್ಲ. ಅಕ್ಷರ, ಎಳೆ, ಬಣ್ಣ ಮೂರೂ ಕೂಡಿತಲ್ಲ, ಇನ್ನು ಮಾತಿಲ್ಲ. ಹಿಂದಿನ ಕುಳ ಮಾತ್ರ ತೆಗೆದುಬಿಡು. ಮುಂದಿನದರಂಥದ್ದೇ ಹುಡುಕಿ ಹಾಕೋಣ, ಜೋಡಿ ಸರಿಯಾಗುತ್ತದೆ.

ಕುಲುಮೆ ಮನೆ, ಧಾರವಾಡ
ತೆಗೆಯಬೇಡ ತಮ್ಮಾ, ಕೈ ಮುಗಿಯುತ್ತೇನೆ. ಅದು ಉಕ್ಕಿನ ಕುಳ. ಎರಕದ್ದು ಮುರಿದಾಗ ನಿಮ್ಮ ಊರ ಕಡೆಯ ಯಾವುದೋ ಕಂಬಾರ ಅಳತೆ ತೆಗೆದು, ಉಕ್ಕು ಕಾಸಿ, ಇಂಗ್ಲೆಂಡಿನ ಫ್ರಾಗಿಗೆ ತೂತು ಕೂಡುವ ಹಾಗೆ ಬಡಿದಿದ್ದಾನೆ. ಇಪ್ಸ್‌ವಿಚ್ ಕುಳ ಬೇರೆ ಕಡೆಯೂ ಸಿಕ್ಕೀತು. ಇದು ಸಿಗುವುದಿಲ್ಲ.

ಹುಬ್ಬಳ್ಳಿ ಫಿಟ್ಟರ್
ಕಂಬಾರನ ಮೇಲೆ ನನಗೂ ಗೌರವ ಇದೆ. ಆದರೂ ಕಂಪನಿಯಿಂದ ಹೊರಟಾಗ ಹೇಗಿತ್ತೋ ಹಾಗೆ ಇರಬೇಕು ಅನ್ನುವವನು ನಾನು. ಆ ಕುಳ ಬೇರೆ ಎತ್ತಿಡಲಿ.

ಅಣ್ಣಿಗೇರಿ ಅಕ್ಕ
ಒಮ್ಮೆ ಬಿಚ್ಚಿದ್ದು ಬೇರೆ ಮೂಲೆಗೆ ಹೋಗುತ್ತದೆ ಅಣ್ಣಾರೆ, ಆಮೇಲೆ ಗುಜರಿಗೆ. ಇದ್ದಲ್ಲೇ ಇರಲಿ.

ರೋಣದ ಹುಡುಗ
ಸಂಜೆ ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಎದ್ದು ಹೋಗಿ ಹಿಂದಿನ ಕುಳ ತಟ್ಟಿ ನೋಡಿದರು. ಗುಜರಿಯವರಿಗೆ ಬರಬೇಡಿ ಅಂತ ಫೋನ್ ಮಾಡಿದರು. ಈಗ ನಾಲ್ಕು ಕಡೆ ಕಲ್ಲು ಕೊಟ್ಟು ನೆಲದಿಂದ ಮೇಲೆತ್ತಿದ್ದೇವೆ, ಮಳೆ ನೀರು ನಿಲ್ಲುವುದಿಲ್ಲ. ರೆಕ್ಕೆಗೆ ಎಣ್ಣೆ ಸವರಿದ್ದೇನೆ, ಬಣ್ಣ ಬಳಿದಿಲ್ಲ. ಎರಡು ಕುಳವೂ ಇದ್ದಲ್ಲೇ ಇವೆ. ಕುಲುಮೆ ಅಣ್ಣಾ, ಧಾರವಾಡದಿಂದ ಒಂದು ದಿನ ಬರುತ್ತೀರಾ? ಆ ಸುತ್ತಿಗೆ ಏಟು ನೀವು ಕಣ್ಣಾರೆ ನೋಡಬೇಕು.